ಬೀಜಕ್ಕಿಟ್ಟ ಸೌತೆಕಾಯಿ ಮತ್ತು ಗೇಣು ತುಂಬದ ಬಂಗುಡೆ

ಮನುಷ್ಯರ ಮುಖ ನೋಡಿ ವಯಸ್ಸು ಹೇಳುವ ವಿದ್ಯೆ ನನಗೆ ಒಲಿದಿಲ್ಲ. ಒಲಿಯುವುದೂ ಕಷ್ಟ. ಈಗ ಗಂಡಸರು ಕೂದಲಿಗೆ ಬಣ್ಣ ಹಚ್ಚುತ್ತಾರೆ, ಹೆಂಗಸರು ಮುಖಕ್ಕೆ ಹಚ್ಚುತ್ತಾರೆ. ನನ್ನ ವಯಸ್ಸೇ ನನಗೆ ಸರಿಯಾಗಿ ಗೊತ್ತಿಲ್ಲ. ಗುರುತಿನ ಕಾರ್ಡಿಗೆ ಬರೆಸುವ ದಿನ ಬಿಸಿಲಲ್ಲಿ ನಿಂತು ತಲೆ ಕೆಟ್ಟು ಬಾಯಿಗೆ ಬಂದದ್ದು ಹೇಳಿದೆ. ಆ ಲೆಕ್ಕದಲ್ಲಿ ನನಗೂ ನನ್ನ ತಮ್ಮನಿಗೂ ನಾಲ್ಕೇ ತಿಂಗಳ ಅಂತರ. ನಮ್ಮಮ್ಮ ಈ ವಿಷಯ ಕೇಳುವ ಮೊದಲೇ ತೀರಿಹೋದಳು, ಒಳ್ಳೆಯದೇ ಆಯಿತು. ಆದರೆ ಮೀನಿನ ಪ್ರಾಯ ಕೇಳಿ, ತಪ್ಪದೆ ಹೇಳುತ್ತೇನೆ. ಮೆಟ್ಟುಕತ್ತಿಯ ಮೇಲೆ ಒಮ್ಮೆ ಹೊಟ್ಟೆ ಎಳೆದರೆ ಸಾಕು, ಅದು ಮರಿಯೋ, ಮದುವೆಗೆ ಬಂದದ್ದೋ, ಬಸುರಿಯೋ ಎಲ್ಲ ಹೊರಗೆ ಬರುತ್ತದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಲ್ಲಿಂದ ಇಲ್ಲಿಯವರೆಗೆ ಓದಿದ್ದು ಮೀನಿನ ಹೊಟ್ಟೆಯೊಂದನ್ನೇ.

ನನ್ನ ಮನೆ ಬೀಜಾಡಿಯಲ್ಲಿ, ಕಡಲಿನ ಬದಿಗೆ. ವ್ಯಾಪಾರ ಮಾತ್ರ ಕೊಕ್ಕರ್ಣೆಯಲ್ಲಿ. ಎರಡು ದಿನಕ್ಕೊಮ್ಮೆ ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿ, ಬ್ರಹ್ಮಾವರದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಬೇಕು. ಇಷ್ಟು ದೂರ ಯಾಕೆ ಎಂದು ಕೇಳಿದವರಿದ್ದಾರೆ. ಕಡಲ ಬದಿಯವರಿಗೆ ಮೀನು ಮಾರುವುದು ಕಷ್ಟ, ಅವರಿಗೆ ಎಲ್ಲ ಗೊತ್ತಿರುತ್ತದೆ. ಕೊಕ್ಕರ್ಣೆಯವರು ಬೇಸಾಯಗಾರರು. ಕಡಲಿನ ವಿಷಯದಲ್ಲಿ ನಾನು ಹೇಳಿದ್ದೇ ಮಾತು. ನಲವತ್ತು ವರ್ಷದಿಂದ ಅಲ್ಲಿ ನನ್ನ ಮೊದಲ ಮನೆ ಗಿರಿಜಕ್ಕನದು. ಆ ಓಣಿಯಲ್ಲಿ ಒಟ್ಟು ಏಳು ಮನೆ. ಗಿರಿಜಕ್ಕ ಪಾತ್ರೆ ಹಿಡಿದು ಹೊರಗೆ ಬಂದರೆ ಉಳಿದ ಆರು ಮನೆಯವರೂ ಬರುತ್ತಾರೆ. ಗಿರಿಜಕ್ಕ ಮೂಗು ಮುರಿದರೆ ಆರು ಬಾಗಿಲೂ ಮುಚ್ಚುತ್ತವೆ.

ಅವರ ಮನೆಯ ಜಗಲಿಯ ಮೇಲೆ, ಜಂತಿಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿಗಳು. ಬೇಸಿಗೆಯಲ್ಲಿ ಬೆಳೆದದ್ದನ್ನು ಹೀಗೆ ಕಟ್ಟಿಟ್ಟರೆ ಮಳೆಗಾಲ ಮುಗಿಯುವವರೆಗೂ ಕೆಡುವುದಿಲ್ಲ. ಮೀನು ಕೊಟ್ಟ ದಿನ ನನಗೂ ಒಂದೊಂದು ಕೊಡುತ್ತಾರೆ, ಇಲ್ಲವೆನ್ನಬಾರದು. ಆದರೆ ನಡುವಿನ ಜಂತಿಯಲ್ಲಿ ಪ್ರತಿ ವರ್ಷ ಒಂದು ದೊಡ್ಡದು ತೂಗುತ್ತದೆ. ಹಳದಿ ಪಟ್ಟೆ ಎಳೆದ, ಎತ್ತಿಕೊಂಡರೆ ಆರು ತಿಂಗಳ ಕೂಸಿನಷ್ಟು ಭಾರ ಬರುವಂಥದ್ದು. ನಾನು ಪ್ರತಿ ವರ್ಷ ಅದನ್ನು ಕೇಳುತ್ತೇನೆ. ಅವರು ಪ್ರತಿ ವರ್ಷ "ಅದ್ ಬೀಜಕ್ಕೆ ಇಟ್ಟದ್, ಮುಟ್ಬೇಡ" ಎನ್ನುತ್ತಾರೆ. ನಲವತ್ತು ವರ್ಷ ಆ ಸೌತೆಕಾಯಿಯನ್ನು ಕೆಳಗಿನಿಂದ ನೋಡಿಯೇ ನನ್ನ ಕತ್ತು ಹಿಡಿದುಕೊಂಡಿದೆ.

ತೊಂದರೆ ಶುರುವಾದದ್ದು ಈ ವರ್ಷ, ಮಳೆಗೆ ಇನ್ನೂ ಕೆಲವು ವಾರ ಇರುವಾಗ. ಗಿರಿಜಕ್ಕನ ಸೊಸೆ ಸುಮನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಒಳ್ಳೆಯ ಹೆಣ್ಣು, ಓದಿದ್ದು ಸ್ವಲ್ಪ ಜಾಸ್ತಿ. ಮರಿ ಮೀನು ಹಿಡಿಯಬಾರದು, ತಿನ್ನಬಾರದು ಎಂದು ಬರೆದ ಒಂದು ಚಿತ್ರವನ್ನು ಎಲ್ಲಿಂದಲೋ ತಂದು ಜಗಲಿಯ ಕಂಬಕ್ಕೆ ಅಂಟಿಸಿದ್ದಳು. ಚಿತ್ರದಲ್ಲಿ ಒಂದೊಂದು ಮೀನಿನ ಪಕ್ಕ ಒಂದೊಂದು ಗೀಟು. ಅದಕ್ಕಿಂತ ಗಿಡ್ಡ ಇದ್ದರೆ ಮರಿ ಎಂದು ಲೆಕ್ಕ. ನಾನು ಬುಟ್ಟಿ ಇಳಿಸುವ ಮೊದಲೇ ಗಿರಿಜಕ್ಕ ಅಡ್ಡ ಬಂದರು.

"ಬುಟ್ಟಿ ಕೆಳಗ್ ಇಡ್ಬೇಡ ಗುಲಾಬಿ. ಎಂತ ಮಾರಾಯ್ತಿ, ಮರಿ ಮೀನೆಲ್ಲ ಬಾಚ್ಕಂಡ್ ಬಂದಿದ್ಯಲ್ಲ. ನಿಂಗೆ ಮೊಮ್ಮಕ್ಳ್ ಇಲ್ಯಾ?"

"ಇದ್ದೊ. ಅವ್ಕೂ ಬಂಗುಡೆಯೇ ಬೇಕ್," ಎಂದೆ.

ಅಷ್ಟರಲ್ಲಿ ಸುಮನ ಶಾಲೆಯ ಸ್ಕೇಲು ಹಿಡಿದು ಬಂದಳು. ನನ್ನ ಬುಟ್ಟಿಯಿಂದ ಒಂದು ಬಂಗುಡೆ ತೆಗೆದು ಅಳೆದಳು. "ಇಲ್ಲಿ ಕಾಣಿ ಗುಲಾಬಕ್ಕ, ಗೀಟ್ ದಾಟುದಿಲ್ಲ. ಇದ್ ಇನ್ನೂ ಮೊಟ್ಟೆ ಇಡದ ಪ್ರಾಯದ್."

ಆರು ಮನೆಯವರು ಬೇಲಿಯ ಆಚೆಯಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ನಲವತ್ತು ವರ್ಷ ಹಳಸಿದ ಮೀನು ಕೊಟ್ಟವಳಲ್ಲ ನಾನು, ಐಸಿನಲ್ಲಿ ಇಟ್ಟದ್ದನ್ನು ಇವತ್ತಿನದು ಎಂದವಳಲ್ಲ. (ಒಂದೆರಡು ಸಲ ಎಂದಿರಬಹುದು, ಅದು ಮಳೆಗಾಲದಲ್ಲಿ.) ಈಗ ಮರಿ ಕೊಲ್ಲುವವಳು ಎಂಬ ಹೆಸರು ಬಂದರೆ ಆ ಓಣಿಗೆ ಕಾಲಿಡುವ ಹಾಗಿಲ್ಲ.

"ಹ್ವಾಯ್ ಟೀಚರ್ರೇ, ಸ್ಕೇಲ್ ಉದ್ದ ಹೇಳತ್ತ್, ಪ್ರಾಯ ಹೇಳತ್ತಾ?" ಎಂದೆ. "ನಾ ನಿಮ್ಮ ಹೆಗ್ಲಿನ್ ಎತ್ರಕ್ಕೇ ಬಪ್ಪುದ್. ಹಂಗಾರೆ ನಾ ಮರಿಯಾ?"

ಬೇಲಿಯ ಆಚೆ ಯಾರೋ ಕಿಸಕ್ಕೆಂದರು. ನನಗೆ ಧೈರ್ಯ ಬಂತು. "ಹನ್ನೆರಡ್ ಮೀನ್ ನೀವೇ ಆರ್ಸಿ ಕೊಡಿ, ನಾ ಸೀಳ್ತೆ. ಎಲ್ಲ ಮರಿ ಆದ್ರೆ ಇನ್ಮೇಲೆ ಕೊಕ್ಕರ್ಣೆ ಬಸ್ ಹತ್ತುದಿಲ್ಲೆ."

"ಆಗದಿದ್ರೆ?" ಎಂದರು ಗಿರಿಜಕ್ಕ.

"ಆಗದಿದ್ರೆ ಆ ನಡು ಜಂತಿಯ ಸೌತೆಕಾಯಿ ನಂಗೆ."

ಗಿರಿಜಕ್ಕ ಮೇಲೆ ನೋಡಿದರು. ಕರಿಮಣಿ ಬಿಚ್ಚಿ ಕೊಡು ಎಂದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಆದರೆ ಓಣಿಯೆಲ್ಲ ನೋಡುತ್ತಿರುವಾಗ ಹಿಂದೆ ಸರಿಯುವವರ ಪೈಕಿ ಅವರೂ ಅಲ್ಲ. "ಆಯ್ತ್" ಎಂದರು.

ಸುಮನ ನ್ಯಾಯವಾಗಿಯೇ ಆರಿಸಿದಳು, ಗೇಣು ತುಂಬದವನ್ನೇ ಹುಡುಕಿ ತೆಗೆದಳು. ನಾನು ಮೆಟ್ಟುಕತ್ತಿ ಕಾಲಡಿ ಇಟ್ಟು ಕೂತೆ. ಮೊದಲನೆಯದರಲ್ಲಿ ಹಳದಿ ಮೊಟ್ಟೆ, ಹೊಟ್ಟೆ ತುಂಬ. ಎರಡನೆಯದರಲ್ಲಿ ಮೊಟ್ಟೆ. ಮೂರನೆಯದು ಗಂಡು, ಗಂಡುಬೀಜದ ಬಿಳಿ ಹಾಲುಗಡ್ಡೆ ಬಲಿತದ್ದು. ನಾಲ್ಕು, ಐದು, ಆರು ಹಾಗೆಯೇ. ಏಳನೆಯದರ ಹೊಟ್ಟೆ ಖಾಲಿ. "ಕಂಡ್ಯಾ!" ಎಂದು ಗಿರಿಜಕ್ಕ ಕೈ ತಟ್ಟಿದರು. "ಇದ್ ಮರಿಯೇ. ಮರಿಯನ್ನ ಮರಿ ಅಂತ ಹೇಳುಕೆ ನಂಗೆ ನಾಚಿಕೆ ಇಲ್ಲೆ," ಎಂದೆ. ಹನ್ನೆರಡು ಮುಗಿಯುವಾಗ ಮರಿ ಎರಡು, ಸಂಸಾರ ಹೂಡಿದ್ದು ಹತ್ತು. ಸುಮನ ಸ್ಕೇಲನ್ನು ಸೆರಗಿನ ಹಿಂದೆ ಇಟ್ಟುಕೊಂಡಳು. ಬೇಲಿಯ ಆಚೆಯಿಂದ ಮೂರು ಪಾತ್ರೆ ಈಚೆಗೆ ಬಂದವು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಸುಮನ ಕೇಳಿದಳು: "ಗುಲಾಬಕ್ಕ, ಮುಂಚೆಯೂ ಇಷ್ಟ್ ಸಣ್ಣದ್ರಲ್ಲೇ ಮೊಟ್ಟೆ ಇರ್ತಿತ್ತಾ?" ಓದಿದವರು ಒಳ್ಳೆಯ ಪ್ರಶ್ನೆ ಕೇಳುವುದು ಅಪರೂಪ, ಕೇಳಿದಾಗ ಉತ್ತರ ಕೊಡಬೇಕು. ಇರಲಿಲ್ಲ. ನಾನು ಮದುವೆಯಾಗಿ ಬಂದಾಗ ಬಂಗುಡೆ ನನ್ನ ಗೇಣು ದಾಟಿ ಹೋಗುತ್ತಿತ್ತು, ಈ ಗಾತ್ರದ್ದರಲ್ಲಿ ಕರುಳು ಬಿಟ್ಟು ಏನೂ ಇರುತ್ತಿರಲಿಲ್ಲ. ಮೀನು ಸೀಳಿದವಳಿಗೇ ಮೊಟ್ಟೆ ಎಂದು ನಮ್ಮ ಅತ್ತೆಯ ಮನೆಯ ಪದ್ಧತಿ. ಸಣ್ಣ ಮೀನು ಬಂದ ದಿನ ನನಗೆ ಏನೂ ಸಿಗುತ್ತಿರಲಿಲ್ಲ, ಆದ್ದರಿಂದ ಚೆನ್ನಾಗಿ ನೆನಪಿದೆ. ಈಗ ದಿನಾ ಸಿಗುತ್ತದೆ. ನನ್ನ ಸೊಂಟವೇ ಸಾಕ್ಷಿ.

ಯಾಕೆ ಹೀಗಾಯಿತು ಎಂದು ನಾನು ಬಸ್ಸಿನಲ್ಲಿ ಕೂತು ಎಷ್ಟೋ ಸಲ ಯೋಚಿಸಿದ್ದೆ. ನನ್ನ ಗಂಡ ಹೊಳೆಬಾಯಿಯಲ್ಲಿ ಗಾಳ ಹಾಕುವವನು. ಅವನ ಹರೆಯದಲ್ಲಿ ಕಾಣೆ ಮೀನು ಗಾಳ ನೀರಿಗೆ ಬೀಳುವ ಮೊದಲೇ ಬಾಯಿ ತೆರೆದುಕೊಂಡು ಬರುತ್ತಿತ್ತಂತೆ. ಈಗ ಬಂದು ಮೂಸಿ, ತಿರುಗಿ ಹೋಗುತ್ತದಂತೆ. ಬೇರೆ ಏನಲ್ಲ, ಓಡಿ ಬಂದು ಕಚ್ಚುವ ಜಾತಿಯದು ಎಲ್ಲ ನಮ್ಮ ಬಾಣಲೆಗೆ ಬಂತು. ಸಂಶಯದ ಜಾತಿಯದು ಉಳಿಯಿತು, ಮರಿ ಹಾಕಿತು, ಮರಿಗಳೂ ಸಂಶಯದವೇ. (ನನ್ನ ಗಂಡ ಓಡಿ ಬಂದು ಕಚ್ಚುವ ಜಾತಿ. ಹಾಗಾಗಿಯೇ ನನಗೆ ಸಿಕ್ಕಿದ.) ಬಂಗುಡೆಯದ್ದೂ ಇಂಥದ್ದೇ ಏನೋ ಎಂದು ಮನಸ್ಸಿನಲ್ಲಿತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ. ಆ ಹೊತ್ತಿಗೆ ತಲೆ ಎತ್ತಿದೆ, ನಡು ಜಂತಿಯ ಸೌತೆಕಾಯಿ ಕಂಡಿತು.

"ಗಿರಿಜಕ್ಕ, ನೀವ್ ವರ್ಷ ವರ್ಷ ದೊಡ್ಡದ್ ಬೀಜಕ್ಕ್ ಇಟ್ರಿ, ಸಣ್ಣದ್ ಹುಳಿಗ್ ಹಾಕ್ದ್ರಿ. ನಿಮ್ಮ ಸೌತೆಕಾಯಿ ದೊಡ್ಡದಾಯ್ಕಂಡೇ ಬಂತ್. ಕಡಲಲ್ಲಿ ಕಾಣಿ, ದೊಡ್ಡದ್ ಹುಳಿಗ್ ಹೋಯ್ತ್, ಸಣ್ಣದ್ ಬೀಜಕ್ಕ್ ಉಳೀತ್. ನಿಧಾನ ಬೆಳ್ದ್, ದೊಡ್ಡದಾಯ್ಕಂಡ್ ಮೊಟ್ಟೆ ಇಡುವ ಅಂದ್ಕಂಡದ್ದ್ ಮೊಟ್ಟೆ ಇಡುಕ್ ಮುಂಚೆಯೇ ಬಲೆಗೆ ಬಿತ್ತ್. ಅವಸರದ್ದ್ ಸಣ್ಣದಿರುವಾಗ್ಲೇ ಇಟ್ಟ್ ಮುಗಿಸ್ತ್. ಅದ್ರ ಮಕ್ಳಿಗೂ ಅದೇ ಅವಸರ."

ಸುಮನ ಸೆರಗಿನ ಹಿಂದಿದ್ದ ಸ್ಕೇಲನ್ನು ತೆಗೆದು ಜಗಲಿಯ ಮೇಲೆ ಇಟ್ಟಳು. ಆಮೇಲೆ, "ಇದನ್ನ ನಾನು ಮಕ್ಕಳಿಗೆ ಎರಡು ಪಿರಿಯಡ್ ಹೇಳಿದ್ರೂ ಅವರ ತಲೆಗೆ ಹೋಗುದಿಲ್ಲ ಗುಲಾಬಕ್ಕ," ಎಂದಳು. ಈ ಮಾತನ್ನು ಇಲ್ಲಿ ಹೇಳುವುದಕ್ಕೆಂದೇ ಇಷ್ಟು ಉದ್ದ ಹೇಳಿದ್ದು ಎಂದು ನೀವು ತಿಳಿದರೂ ನನಗೆ ಬೇಸರವಿಲ್ಲ.

ಗಿರಿಜಕ್ಕ ಮಾತ್ರ ಸುಲಭದಲ್ಲಿ ಬಿಡಲಿಲ್ಲ. "ಹಂಗಾರೆ ದೊಡ್ಡದೆಲ್ಲ ತಿಂದವ್ರ್ ಯಾರ್?"

"ನೀವೇ. ದಡದಲ್ಲಿ ನಾ ಎಲ್ಲರನ್ನೂ ದೂಡಿ, ದೊಡ್ಡದ್ ಆರ್ಸಿ ನಿಮ್ಗೇ ತಂದ್ ಕೊಟ್ಟದ್ದ್."

"ತಂದವ್ಳ್ ನೀನ್!"

"ತಿಂದವ್ರ್ ನೀವ್!"

"ಇನ್ಮೇಲೆ ಮರಿಯೂ ಬೇಡ, ಬಸುರಿಯೂ ಬೇಡ ಅಂತ ಬರೀಕಾ?" ಎಂದಳು ಸುಮನ, ಕಂಬದ ಚಿತ್ರದ ಮುಂದೆ ಪೆನ್ನು ತೆಗೆದು.

"ಮತ್ತೆ ನಾ ಎಂತ ಮಾರುದ್ ಟೀಚರ್ರೇ, ಕಡಲ ನೀರಾ?" ಎಂದೆ. ಕೊನೆಗೆ ಒಂದು ಒಪ್ಪಂದವಾಯಿತು. ಒತ್ತಿ ನೋಡಿದಾಗ ಹೊಟ್ಟೆ ಖಾಲಿ ಇರುವ ಪುಟ್ಟ ಮೀನನ್ನು ನಾನು ದಡದಿಂದಲೇ ಎತ್ತುವುದಿಲ್ಲ, ಚಿತ್ರ ಕಂಬದಲ್ಲೇ ಇರಲಿ. ಆಮೇಲೆ ಗಿರಿಜಕ್ಕ ಸ್ಟೂಲು ಹತ್ತಿದರು. ಬಾಳೆನಾರು ಬಿಚ್ಚುವಾಗ ಅವರ ಮುಖ ನೋಡಲಿಲ್ಲ ನಾನು, ಸೌತೆಕಾಯಿಯನ್ನೇ ನೋಡುತ್ತಿದ್ದೆ. "ಈ ವರ್ಷ ಬೀಜಕ್ಕ್ ಇದ್ದದ್ದ್ ಇದೊಂದೇ. ನೀನೇ ಬೀಜ ತೆಗ್ದ್ ಒಣಗ್ಸಿ ಇಡ್. ಹಾಕುವ ಹೊತ್ತಿಗೆ ನಿನ್ನತ್ರವೇ ಇಸ್ಕಂತೆ," ಎಂದರು. "ಅದೆಂತ ದೊಡ್ಡ ಕೆಲ್ಸ," ಎಂದೆ.

ಬಸ್ಸಿನಲ್ಲಿ ಖಾಲಿ ಬುಟ್ಟಿ ಹಿಂದೆ, ಸೌತೆಕಾಯಿ ನನ್ನ ಮಡಿಲಲ್ಲಿ. ಕಂಡಕ್ಟರಿಗೆ ಇಡೀ ಕಥೆ ಹೇಳಿದೆ. ಬ್ರಹ್ಮಾವರದಲ್ಲಿ ಬಸ್ಸು ಕಾಯುವವರಿಗೆ ಮತ್ತೊಮ್ಮೆ ಹೇಳಿದೆ. ಮನೆಗೆ ಬಂದು ಗಂಡ, ಮಗ, ಸೊಸೆಯನ್ನು ಕೂರಿಸಿಕೊಂಡು ಹೇಳುತ್ತಾ ಹೇಳುತ್ತಾ ಅದನ್ನು ನಾನೇ ಕೊಯ್ದೆ. ಒಣ ಸಿಗಡಿ ಹಾಕಿ, ಕಾಯಿ ಅರೆದು ಗಸಿ ಮಾಡಿದೆ. ಅಂಥ ಸೌತೆಕಾಯಿಯನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ. ಕೈ ನೆಕ್ಕಿಕೊಂಡು ಏಳುವಾಗ ಸೊಸೆ ಕೇಳಿದಳು: "ಅತ್ತೆ, ಬೀಜ ಎಲ್ಲಿಟ್ರಿ?"

ಕೊಯ್ಯುವಾಗ, ಮೊಟ್ಟೆ ಇರುವ ಮೀನಿನ ಹೊಟ್ಟೆಗೆ ಕೈ ಹಾಕಿದ ಹಾಗೆಯೇ ತಿರುಳಿಗೆ ಕೈ ಹಾಕಿ ಬಾಚಿ ಹೊರಗೆ ಎಸೆದಿದ್ದೆ. ಕತೆಯಲ್ಲಿ ಆಗ ಟೀಚರು ಸೋಲುವ ಜಾಗ ಬಂದಿತ್ತು, ಕೈ ಏನು ಮಾಡುತ್ತಿದೆ ಎಂದು ಯಾರು ನೋಡುತ್ತಾರೆ? ಹಿತ್ತಲಿಗೆ ಓಡಿದೆ. ಕೋಳಿಗಳು ಕೊಕ್ಕು ಒರೆಸಿಕೊಳ್ಳುತ್ತಿದ್ದವು.

ಈಗ ಕೊಕ್ಕರ್ಣೆಗೆ ಹೋದಾಗಲೆಲ್ಲ ಗಿರಿಜಕ್ಕ ಕೇಳುತ್ತಾರೆ, "ಬೀಜ ಒಣಗಿತಾ ಗುಲಾಬಿ?" ಒಣಗಿದೆ ಎನ್ನುತ್ತೇನೆ. ಅವರ ಜಂತಿಯಲ್ಲಿ ಉಳಿದಿರುವುದೆಲ್ಲ ಸಣ್ಣವು. ಅದರಲ್ಲೇ ಸ್ವಲ್ಪ ದಪ್ಪದ್ದೊಂದನ್ನು ಕೇಳಿ ತಂದು, ಬೀಜ ತೆಗೆದು, ಬೂದಿ ಹಚ್ಚಿ ಕಾಗದದಲ್ಲಿ ಕಟ್ಟಿಟ್ಟಿದ್ದೇನೆ. ಮುಂದಿನ ವರ್ಷ ಅವರ ಸೌತೆಕಾಯಿ ಗಿಡ್ಡವಾಗಿ ಬಂದರೆ ಸುಮನ ಸ್ಕೇಲು ತರುತ್ತಾಳೆ, ನನಗೆ ಗೊತ್ತು. ತರಲಿ. ಪಂಥ ಗೆದ್ದವಳು ನಾನೇ. ಅಂದಿನಿಂದ ನಮ್ಮ ಕೋಳಿಗಳೂ ಒಂದು ದಿನ ತಪ್ಪದೆ ಮೊಟ್ಟೆ ಇಡುತ್ತಿವೆ.