ಸೆಮಿನರಿಯ ಹೊಸ್ತಿಲು, ಗಂಗಮ್ಮನವರ ಸಾರು

ಮೈಸೂರು ರೈಲ್ವೆ ಸ್ಟೇಷನ್ನಿನಲ್ಲಿ, ಬೊಂಬಾಯಿಯ ದಾರಿ ಹಿಡಿಯುವ ರೈಲು ಹೊರಡಲು ಇನ್ನು ಮೂರೇ ನಿಮಿಷ ಇರುವಾಗ, ತಿರುಮಲೇಶ ತಾಯಿಗೆ ಒಂದು ಮಾತು ಕೊಟ್ಟಿದ್ದ. ಅರವತ್ತೊಂದನೇ ಇಸವಿಯ ಸಂಗತಿ. ಬೇರೆ ತಾಯಂದಿರು ಮಗ ಅಮೆರಿಕಕ್ಕೆ ಹೊರಟರೆ ಅದು ತಿನ್ನಬೇಡ, ಇದು ಕುಡಿಯಬೇಡ ಎಂದು ಉದ್ದದ ಪಟ್ಟಿ ಓದುತ್ತಾರೆ. ಗಂಗಮ್ಮನವರು ಕೇಳಿದ್ದು ಒಂದೇ.

"ಪಾದ್ರಿಗಳ ಶಾಲೆ ಹೊಸ್ತಿಲು ತುಳಿಯಲ್ಲ ಅನ್ನು."

"ತುಳಿಯಲ್ಲಮ್ಮ."

ಇದಕ್ಕೊಂದು ಹಿನ್ನೆಲೆ ಉಂಟು. ಗಂಗಮ್ಮನವರ ತಮ್ಮ ಪದ್ಮನಾಭ ಎರಡು ವರ್ಷ ಪಾದ್ರಿಗಳ ಕಾಲೇಜಿನಲ್ಲಿ ಓದಿ ಬಂದವನು, ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವ ಅಭ್ಯಾಸ ಕಲಿತುಬಂದಿದ್ದ. ಪ್ರಾರ್ಥನೆಯಲ್ಲಿ ಬ್ರಿಟಿಷ್ ಚಕ್ರವರ್ತಿಯಿಂದ ಹಿಡಿದು ಪಕ್ಕದ ಮನೆಯ ಎಮ್ಮೆಯವರೆಗೆ ಎಲ್ಲರ ಕ್ಷೇಮವೂ ಬರುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಎಲೆಯ ಮೇಲಿನ ಸಾರು ಆರಿ ಕೊಳದ ನೀರಾಗಿರುತ್ತಿತ್ತು. ಗಂಗಮ್ಮನವರಿಗೆ ಯಾರ ದೇವರ ಮೇಲೂ ತಕರಾರಿರಲಿಲ್ಲ. ಆರಿದ ಸಾರಿನ ಮೇಲೆ ಮಾತ್ರ ಇತ್ತು.

ಎಂಟು ವರ್ಷ ತಿರುಮಲೇಶ ಮಾತು ಉಳಿಸಿಕೊಂಡ. ಅಮೆರಿಕದ ಡೆಸ್ ಪ್ಲೇನ್ಸ್ ಎಂಬ ಊರಿನಲ್ಲಿ ಅವನು ಹಿಡಿದ ಬಾಡಿಗೆ ಮನೆಗೆ ಎರಡೇ ಬ್ಲಾಕ್ ದೂರದಲ್ಲಿ ಒಂದು ಸೆಮಿನರಿ ಇತ್ತು. ಪಾದ್ರಿಗಳನ್ನು ತಯಾರು ಮಾಡುವ ಸಾಕ್ಷಾತ್ ಶಾಲೆ. ಅದರ ಮುಂದೆ ಹೋಗುವಾಗ ಅವನು ಎದುರು ಫುಟ್‌ಪಾತಿಗೆ ದಾಟಿಬಿಡುತ್ತಿದ್ದ. ತೊಂದರೆ ಶುರುವಾದದ್ದು ಒಂದು ಮರ್ಯಾದೆಯ ಮಾತಿನಿಂದ.

ಡಿಸೆಂಬರಿನ ಮೊದಲ ಹಿಮದಲ್ಲಿ ಅವನ ಕಾರು ಹೂತುಕೊಂಡಿತು. ಸೆಮಿನರಿಯ ಡೀನ್ ಹಾಲ್ವರ್ಸನ್ ಎಂಬ ಆರೂವರೆ ಅಡಿಯ ಮನುಷ್ಯ ಸಲಿಕೆ ಹಿಡಿದು ಬಂದು, ಅಗೆದು, ತಳ್ಳಿ, ಕಾರನ್ನು ರಸ್ತೆಗೆ ಹತ್ತಿಸಿದ. ಮೈಸೂರಿನವರು ಇಂಥ ಹೊತ್ತಿನಲ್ಲಿ ಏನು ಹೇಳುತ್ತಾರೋ ತಿರುಮಲೇಶ ಅದನ್ನೇ ಹೇಳಿದ: "ನಮ್ಮ ಮನೆ ನಿಮ್ಮದೇ ಅಂದ್ಕೊಳ್ಳಿ ಸಾರ್. ಯಾವಾಗ ಬೇಕಾದ್ರೂ ಬನ್ನಿ, ನಿಮ್ಮ ಸ್ಟೂಡೆಂಟ್ಸ್‌ನೂ ಕರ್ಕೊಂಡು ಬನ್ನಿ." ಇದಕ್ಕೆ "ಇರ್ಲಿ ಬಿಡಿ, ಇನ್ನೊಂದ್ಸಲ ಬರ್ತೀವಿ" ಎನ್ನಬೇಕೆಂಬುದು ಮೈಸೂರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಡೀನ್ ಮಿನೆಸೋಟದಲ್ಲಿ ಹುಟ್ಟಿದವನು. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ವಿಳಾಸ ಬರೆದುಕೊಂಡ.

ಎರಡು ವಾರಕ್ಕೆ ಹಾಂಗ್‌ಕಾಂಗ್ ಫ್ಲೂ ಬಂತು. ಸೆಮಿನರಿಯ ಹಾಸ್ಟೆಲಿನಲ್ಲಿ ಮೂವತ್ತು ಜನ ಮಲಗಿದರು. ಹತ್ತಕ್ಕಿಂತ ಹೆಚ್ಚು ಜನ ಒಂದೆಡೆ ಸೇರಬಾರದು ಎಂದು ಡೀನ್ ಅಪ್ಪಣೆ ಮಾಡಿ, ಗಟ್ಟಿಮುಟ್ಟಾಗಿದ್ದವರ ಕ್ಲಾಸುಗಳನ್ನು ಊರಿನ ಮನೆಮನೆಗೆ ಹಂಚಿದ. ಪುಟ್ಟ ಪುಸ್ತಕ ಆಗ ಹೊರಬಂತು. ತಿರುಮಲೇಶನ ಹಾಲ್ ಶನಿವಾರದ ಹೀಬ್ರೂ ಕ್ಲಾಸ್ ಆಯಿತು. ಕಿಟಕಿಗೆ ‘ಕ್ಲಾಸ್‌ರೂಮ್ ನಂಬರ್ ಏಳು’ ಎಂದು ಬೋರ್ಡೂ ಬಿತ್ತು. ವಿಚಿತ್ರವೆಂದರೆ, ಪಾಠ ಪಕ್ಕದ ಮನೆಯಲ್ಲೇ ನಡೆಯುತ್ತದೆಂದು ತಿಳಿದ ಮೇಲೆ ಯಾವತ್ತೂ ಆ ಕಡೆ ತಲೆ ಹಾಕದವರೆಲ್ಲ ಬಂದು ಸೇರತೊಡಗಿದರು. ಲಾಂಡ್ರಿಯವನು, ನಿವೃತ್ತ ಪೋಸ್ಟ್‌ಮನ್, ಎದುರು ಮನೆಯ ಅಜ್ಜಿ. ಫ್ಲೂ ಬಂದು ಊರೆಲ್ಲ ಸೊರಗಿದರೆ ಸೆಮಿನರಿ ಒಂದು ಮಾತ್ರ ಬಾಣಂತಿಯಂತೆ ಮೈಕೈ ತುಂಬಿಕೊಂಡಿತು.

ಇಂಥ ಜನವರಿಯ ಒಂದು ಶನಿವಾರ ಮಧ್ಯಾಹ್ನ ಮೂರಕ್ಕೆ ಗಂಗಮ್ಮನವರ ವಿಮಾನ ಓಹೇರ್ ಏರ್‌ಪೋರ್ಟಿನಲ್ಲಿ ಇಳಿಯುವುದಿತ್ತು.

ಸೋಮವಾರದಿಂದ ತಿರುಮಲೇಶನ ಹೆಂಡತಿ ಸರಳಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಬೇಕು. ಐದು ವರ್ಷದ ಮಗಳು ಇಂದುಮತಿಯನ್ನು ನೋಡಿಕೊಳ್ಳಲು ಅಜ್ಜಿ ಬೇಕೇಬೇಕು. ಆ ಅಜ್ಜಿ ಕಳೆದ ತಿಂಗಳ ಕಾಗದದ ಕೊನೆಯಲ್ಲಿ ಬರೆದಿದ್ದರು: "ಮಾತು ನೆನಪಿದೆ ತಾನೆ? ತಪ್ಪಿದ್ದು ಕಂಡರೆ ಬಂದ ವಿಮಾನದಲ್ಲೇ ವಾಪಸ್ಸು."

"ಹನ್ನೆರಡಕ್ಕೆ ಕ್ಲಾಸ್ ಮುಗಿಯತ್ತೆ ಕಣೆ. ಬೋರ್ಡ್ ಕಿತ್ತು, ಕುರ್ಚಿ ಎತ್ತಿಟ್ಟು, ಎರಡೂವರೆಗೆ ಏರ್‌ಪೋರ್ಟಿಗೆ ಡ್ರೈವ್ ಮಾಡ್ತೀನಿ," ಎಂದ ತಿರುಮಲೇಶ.

"ನಿಮ್ಮ ಪ್ಲ್ಯಾನ್ ಯಾವತ್ತು ಸರಿಹೋಗಿದೆ?" ಎಂದಳು ಸರಳಾ.

ಹನ್ನೊಂದೂವರೆಗೆ ಡೀನ್ ಬಂದ. ಹೋದ ವಾರದ ಪಾಠ ತಪ್ಪಿಹೋಗಿದೆಯಂತೆ. ಇವತ್ತು ಆರು ಗಂಟೆಯವರೆಗೂ ನಡೆಸಬಹುದಲ್ಲವೇ?

ಆಗುವುದಿಲ್ಲ ಎನ್ನಲು ತಿರುಮಲೇಶ ಬಾಯಿ ತೆರೆದ. ಹೊರಬಂದದ್ದು "ಅಯ್ಯೋ, ಅದಕ್ಕೇನಂತೆ ಸಾರ್" ಎಂದು. ಕೂಡಲೇ ಮಹಡಿ ಹತ್ತಿ ಓಡಿದ.

ಮಹಡಿಯ ಮೇಲಿನ ಕೋಣೆಯಲ್ಲಿ ಧಾರವಾಡ ಕಡೆಯ ಡಾಕ್ಟರ್ ಕಲ್ಲಿನಾಥ ಬಾಡಿಗೆಗಿದ್ದ. ರಜೆಯ ದಿನ; ಶೇಂಗಾ ಸುಲಿಯುತ್ತ ಕೂತಿದ್ದ.

"ಹೇಳಿಬಿಡೋ ಮಾರಾಯಾ, ನಮ್ಮವ್ವ ಬರಾಕತ್ತಾಳ, ಜಾಗಾ ಖಾಲಿ ಮಾಡ್ರಿ ಅಂತ."

"ಹೇಗ್ರೀ ಹೇಳೋದು? ಈ ಮನೆ ನಿಮ್ಮದೇ ಅಂತ ನಾನೇ ಅಂದಿದೀನಿ!"

"ನಿಮ್ಮ ಮೈಸೂರ ಮಂದಿಗೆ ಈ ನಯ-ನಾಜೂಕೇ ಒಂದು ರೋಗ ನೋಡು." ಕಲ್ಲಿನಾಥ ಶೇಂಗಾ ಬಾಯಿಗೆ ಎಸೆದುಕೊಂಡ. "ಫ್ಲೂ ಬಂದೈತಿ ಅಂತ ಮಕ್ಕೋ. ನಾ ಡಾಕ್ಟರ್ ಅದೀನಿ, ಸರ್ಟಿಫೈ ಮಾಡ್ತೀನಿ. ಫ್ಲೂ ಅಂದ್ರ ಎಂಥಾವನೂ ಓಡ್ತಾನ."

ತಿರುಮಲೇಶ ಕೆಳಗೆ ತನ್ನ ಕೋಣೆಗೆ ಬಂದು, ಮಫ್ಲರ್ ಸುತ್ತಿ, ಎರಡು ಕಂಬಳಿ ಹೊದ್ದು ಮಲಗಿದ. ಸಾಕ್ಷಿಗಿರಲಿ ಎಂದು ಥರ್ಮಾಮೀಟರನ್ನು ಬಿಸಿ ಕಾಫಿಗೆ ಅದ್ದಿದ. ಕಲ್ಲಿನಾಥ ಅದನ್ನು ನೋಡಿ ಹೌಹಾರಿದ. "ನೂರಾ ಎಂಟು! ಇದನ್ನ ತೋರಿಸಿದ್ರ ನಾ ಡೆತ್ ಸರ್ಟಿಫಿಕೇಟ್ ಬರೀಬೇಕಾಗತೈತಿ. ಝಾಡಿಸೋ!" ಝಾಡಿಸಿ ಝಾಡಿಸಿ ನೂರಾ ಎರಡಕ್ಕೆ ಇಳಿಸಿ, ಹಾಲಿಗೆ ಹೋಗಿ ಗಂಭೀರವಾಗಿ ಸುದ್ದಿ ಮುಟ್ಟಿಸಿದ.

ಹಾಲಿನಲ್ಲಿ ಕುರ್ಚಿಗಳು ಸರಿದ ಸದ್ದು. ತಿರುಮಲೇಶ ಕಂಬಳಿಯೊಳಗೇ ನಕ್ಕ.

ಬಾಗಿಲು ತೆರೆಯಿತು. ಒಂಬತ್ತು ವಿದ್ಯಾರ್ಥಿಗಳೂ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸಾಲಾಗಿ, ಚಪ್ಪಾಳೆ ಹೊಡೆಯದ ಭಜನಾ ಮಂಡಳಿಯಂತೆ ಒಳಗೆ ಬಂದು ಮಂಚದ ಸುತ್ತ ನಿಂತರು. ಹಿಂದೆ ಡೀನ್. ಅವನ ಮುಖ ಲಾಟರಿ ಹೊಡೆದವನಂತೆ ಬೆಳಗುತ್ತಿತ್ತು.

"ಮಿಸ್ಟರ್ ತಿರುಮಲೇಶ, ನೀವು ನಮಗೆ ಎಂಥ ಉಪಕಾರ ಮಾಡಿದಿರಿ! ರೋಗಿಗಳ ಹತ್ತಿರ ಕೂತು ಧೈರ್ಯ ಹೇಳುವುದು ಈ ಹುಡುಗರ ಪ್ರಾಯೋಗಿಕ ಪರೀಕ್ಷೆ. ಈ ಫ್ಲೂ ದೆಸೆಯಿಂದ ಯಾವ ಆಸ್ಪತ್ರೆಯೂ ಒಳಗೆ ಬಿಡ್ತಿಲ್ಲ. ಹಾಸ್ಟೆಲಿನಲ್ಲಿ ಮಲಗಿರುವವರು ಇವರ ಗೆಳೆಯರೇ. ಧೈರ್ಯ ಹೇಳಿದರೆ ದಿಂಬು ಎಸೀತಾರೆ. ಆರು ವಾರದಿಂದ ಒಬ್ಬ ರೋಗಿಗಾಗಿ ಹುಡುಕ್ತಾ ಇದ್ದೆ."

ಪರೀಕ್ಷೆ ಶುರುವಾಯಿತು. ಒಬ್ಬೊಬ್ಬರಿಗೂ ಮೂವತ್ತೈದು ನಿಮಿಷ. ಮೊದಲನೆಯವನು ಕೈ ಹಿಡಿದುಕೊಂಡು "ಭಯವಾಗ್ತಿದೆಯಾ?" ಎಂದ. ತಿರುಮಲೇಶ ಗಡಿಯಾರ ನೋಡಿ, ಮನಸ್ಸಿನಾಳದಿಂದ, "ತುಂಬಾ" ಎಂದ. ಡೀನ್ ಅಂಕ ಬರೆದುಕೊಂಡ. ಪೋಸ್ಟ್‌ಮನ್ ತನ್ನ ನಾಯಿ ಸತ್ತ ಕತೆ ಹೇಳಿ ತಾನೇ ಅತ್ತ. ರೋಗಿಯೇ ಎದ್ದು ಅವನಿಗೆ ಸಮಾಧಾನ ಹೇಳಬೇಕಾಯಿತು.

ಇಂದುಮತಿ ಬಾಗಿಲಿನಿಂದ ಇಣುಕಿದಳು. "ಡ್ಯಾಡಿ, ಆರ್ ಯೂ ರಿಯಲಿ ಸಿಕ್?"

"ಹೂಂ ಪುಟ್ಟಿ. ಹೋಗು, ಆಟ ಆಡ್ಕೋ."

"ಬಟ್ ಯೂ ವರ್ ಡ್ಯಾನ್ಸಿಂಗ್ ವಿತ್ ದ ಥರ್ಮಾಮೀಟರ್!"

"ಜ್ವರದ ಭ್ರಮೆ," ಎಂದು ಕಲ್ಲಿನಾಥ ಡೀನ್‌ಗೆ ವಿವರಿಸಿದ. ಯಾರ ಭ್ರಮೆ ಎಂದು ಹೇಳಲಿಲ್ಲ.

ಎರಡೂವರೆಯಾಯಿತು. ರೋಗಿ ಕಾರು ಓಡಿಸುವಂತಿಲ್ಲ. ಸರಳಾಗೆ ಡ್ರೈವಿಂಗ್ ಬಾರದು. ಕಲ್ಲಿನಾಥನ ಕಾರು ಹಿಮದಡಿ ಎಲ್ಲೋ ಇತ್ತು; ಅವನಿಗೇ ಖಾತ್ರಿಯಿರಲಿಲ್ಲ. "ನಾನು ಕರ್ಕೊಂಡು ಬರ್ತೀನಿ, ಸೆಮಿನರಿಯ ವ್ಯಾನ್ ಇದೆಯಲ್ಲ. ಪರೀಕ್ಷೆ ಮಾತ್ರ ನಿಲ್ಲಿಸಬೇಡಿ," ಎಂದ ಡೀನ್. ತಿರುಮಲೇಶ ಕಂಬಳಿ ಮುಖದ ಮೇಲೆ ಎಳೆದುಕೊಂಡ.

ಗುರುತಿಗೆ ಬೇಕೆಂದು ಕಲ್ಲಿನಾಥ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ‘ಗಂಗಮ್ಮ’ ಎಂದು ದಪ್ಪಗೆ ಬರೆದುಕೊಟ್ಟ. ಹೀಬ್ರೂ, ಗ್ರೀಕು, ಲ್ಯಾಟಿನ್ನು ಎಲ್ಲ ಬಲ್ಲ ಡೀನ್ ಅದನ್ನು ತಲೆಕೆಳಗಾಗಿ ಹಿಡಿದು ಓಹೇರ್‌ನಲ್ಲಿ ನಿಂತನಂತೆ. ಗಂಗಮ್ಮನವರು ನೇರ ಬಂದು, ರಟ್ಟನ್ನು ಸರಿಯಾಗಿ ತಿರುಗಿಸಿ, ತಮ್ಮ ಟ್ರಂಕನ್ನು ಅವನ ಕೈಗೆ ಕೊಟ್ಟರಂತೆ.

ನಾಲ್ಕೂವರೆಗೆ ಅವರು ಒಳಗೆ ಬಂದಾಗ ಎಂಟನೆಯ ಅಭ್ಯರ್ಥಿ ಮಂಚದ ಪಕ್ಕ ಮಂಡಿಯೂರಿದ್ದ. ಉಳಿದವರು ಮೆಲ್ಲಗೆ ಹಾಡುತ್ತಿದ್ದರು. ಗಂಗಮ್ಮನವರು ಹಾಡುವವರನ್ನು ಸರಿಸಿ ಮಗನ ಹಣೆ ಮುಟ್ಟಿದರು.

"ಬೆವರಿದಾನೆ. ಜ್ವರಾನೂ ಇಲ್ಲ, ಗಿರಾನೂ ಇಲ್ಲ. ಲೆಕ್ಕದ ಪರೀಕ್ಷೆ ದಿನ ಹಿಂಗೇ ಕಣ್ಣು ಮುಚ್ಕೊಂಡು ಬಿದ್ಕೊಳ್ತಿದ್ದ. ಏಳೋ ಮೇಲೆ!"

ತಿರುಮಲೇಶ ಎದ್ದು ಕೂತ. ಎಂಟನೆಯ ಅಭ್ಯರ್ಥಿ ತನ್ನ ಧೈರ್ಯದ ಮಾತಿಗೇ ರೋಗಿ ಎದ್ದನೆಂದು ತಿಳಿದು ಕಣ್ಣರಳಿಸಿದ. ಡೀನ್ ಅವನಿಗೆ ನೂರಕ್ಕೆ ನೂರು ಹಾಕಿದ.

"ಯಾರೋ ಇವರೆಲ್ಲ?"

ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. "ಪಾದ್ರಿಗಳ ಶಾಲೆಯವರಮ್ಮ. ಫ್ಲೂ ಅಂತ ಪಾಠ ಇಲ್ಲಿಗೆ ಬಂದಿದೆ."

ಸರಳಾಳ ಕಣ್ಣ ಮುಂದೆ ಸೋಮವಾರದ ಕೆಲಸ ಅದೇ ಟ್ರಂಕಿನ ಜತೆ ಮೈಸೂರಿಗೆ ಹೊರಟಿತ್ತು.

"ನೀನು ಅಲ್ಲಿಗೆ ಹೋಗಿದ್ಯಾ?"

"ದೇವರಾಣೆ ಇಲ್ಲ. ಹೊಸ್ತಿಲು ತುಳಿದಿಲ್ಲ."

ಗಂಗಮ್ಮನವರು ಟ್ರಂಕಿನ ಬೀಗ ತೆಗೆದರು. "ಸರಿ ಮತ್ತೆ. ಮನೆಗೆ ಬಂದೋರನ್ನ ಆಚೆ ತಳ್ಳೋಕಾಗತ್ತಾ? ಸರಳಾ, ಬೇಳೆ ಎಲ್ಲಿಟ್ಟಿದೀಯೆ?"

ತೊಗರಿ ಇರಲಿಲ್ಲ, ಹಳದಿ ಬಟಾಣಿ ಬೇಳೆ ಸಿಕ್ಕಿತು. ಟ್ರಂಕಿನಿಂದ ಸಾರಿನ ಪುಡಿ ಇಳಿಯಿತು, ಮೆಣಸು ಕುಟ್ಟಿದ್ದಾಯಿತು. ಅರ್ಧ ಗಂಟೆಯಲ್ಲಿ ಎಲ್ಲರ ಕೈಯಲ್ಲೂ ಹೊಗೆಯಾಡುವ ಲೋಟ. ಡೀನ್ ಸೇರಿ ಹತ್ತೂ ಜನ ಪ್ರಾರ್ಥನೆಗೆ ಕಣ್ಣು ಮುಚ್ಚಿದರು.

ತಿರುಮಲೇಶ ಲೋಟಗಳ ಹಬೆಯತ್ತ ನೋಡಿದ. ಗಂಗಮ್ಮನವರ ಹುಬ್ಬು ಮೇಲೇರಿತು. ಅಷ್ಟರಲ್ಲಿ ಮೆಣಸಿನ ಘಾಟು ಡೀನ್‌ನ ಉದ್ದ ಮೂಗಿಗೆ ಹತ್ತಿ, ಅವನ ಬಾಯಲ್ಲಿ ನೀರೂರಿ, ಪ್ರಾರ್ಥನೆಯೆಲ್ಲ ಒಂದೇ ಮಾತಿಗೆ ಇಳಿಯಿತು: "ಆಮೆನ್." ಹತ್ತೂ ಲೋಟ ಒಟ್ಟಿಗೆ ಮೇಲೆದ್ದವು.

"ಒಳ್ಳೆ ಮನೆತನದ ಹುಡುಗರು ಕಣೋ," ಎಂದರು ಗಂಗಮ್ಮನವರು ಪ್ರಸನ್ನರಾಗಿ. "ಸಾರು ಆರೋಕೆ ಬಿಡಲಿಲ್ಲ."

ಮೂರನೆಯ ಲೋಟ ಮುಗಿಸಿದ ಡೀನ್‌ಗೆ ಎರಡು ತಿಂಗಳಲ್ಲಿ ಮೊದಲ ಸಲ ಕಟ್ಟಿದ ಮೂಗು ಬಿಟ್ಟಿತು. ಅವನು ಕಣ್ಣೊರೆಸಿಕೊಂಡು, ಹಾಸ್ಟೆಲಿನ ಅಡುಗೆಯವನೂ ಮಲಗಿಬಿಟ್ಟಿದ್ದಾನೆ, ಮೂವತ್ತು ಜನ ಡಬ್ಬಿಯ ಸೂಪು ಕುಡಿದು ನರಳುತ್ತಿದ್ದಾರೆ ಎಂದು ಹೇಳಿಕೊಂಡ. ತಿರುಮಲೇಶ ಕನ್ನಡಕ್ಕೆ ತಿರುಗಿಸಿ ಹೇಳಿದ. ಹೇಳಬಾರದಿತ್ತು.

"ಡಬ್ಬಿದಾ?" ಗಂಗಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ದೊಡ್ಡ ಪಾತ್ರೆ ತೆಗಿ. ನಾನೇ ಅವರ ಅಡುಗೆಮನೆಗೆ ಹೋಗ್ತೀನಿ, ನಡಿ."

"ಅಮ್ಮ, ಅದು ಪಾದ್ರಿಗಳ ಶಾಲೆ!"

"ಗೊತ್ತು. ಮಾತು ಕೊಟ್ಟಿದ್ದು ನೀನು. ನಾನು ಯಾರಿಗೆ ಕೊಟ್ಟಿದೀನಿ?"

ಹೊರಗೆ ಐದು ಡಿಗ್ರಿ ಫ್ಯಾರನ್‌ಹೀಟ್, ಮೂಗೂ ಹೆಪ್ಪುಗಟ್ಟುವ ಚಳಿ. ಸೆಮಿನರಿಯ ಮೆಟ್ಟಿಲವರೆಗೆ ತಿರುಮಲೇಶ ಪಾತ್ರೆ ಹೊತ್ತ. ಅಲ್ಲಿ ಡೀನ್ ಅದನ್ನು ಕೈಗೆತ್ತಿಕೊಂಡು ಬಾಗಿಲು ತೆರೆದ. ಒಳಗಿನ ಬೆಚ್ಚನೆ ಗಾಳಿ ಒಮ್ಮೆ ಮುಖಕ್ಕೆ ಸೋಕಿತು. ಕಲ್ಲಿನಾಥ ಒಳಗೆ ಹೋದ, ಸರಳಾ ಹೋದಳು, ಇಂದುಮತಿ ಕುಣಿಯುತ್ತ ಹೋದಳು. ತಿರುಮಲೇಶ ಒಂದು ಕಾಲೆತ್ತಿದ.

"ಎಲ್ಲಿಗೆ?" ಎಂದರು ಗಂಗಮ್ಮನವರು. "ಅಲ್ಲೇ ನಿಂತ್ಕೋ. ಇಷ್ಟು ವರ್ಷ ಉಳಿಸ್ಕೊಂಡಿದೀಯ, ಇವತ್ತು ಕಳ್ಕೋಬೇಡ."

ಅವನು ಒಂದೂವರೆ ಗಂಟೆ ನಿಂತ. ಕಿಟಕಿಯ ಗಾಜಿನಾಚೆ ಎಲ್ಲರೂ ಬೆಚ್ಚಗೆ ನಗುತ್ತ ಸಾರು ಬಡಿಸುತ್ತಿದ್ದುದು ಕಾಣುತ್ತಿತ್ತು. ಇಂದುಮತಿ ಲೋಟ ಎತ್ತಿ ಅವನತ್ತ ಕೈಬೀಸಿದಳು.

ಸೋಮವಾರ ಸರಳಾ ಕೆಲಸಕ್ಕೆ ಸೇರಿದಳು. ಗಂಗಮ್ಮನವರು ಮೊಮ್ಮಗಳ ಕೈ ಹಿಡಿದು, ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡು, ಸೆಮಿನರಿಯ ಅಡುಗೆಮನೆಗೆ ಹೊರಟರು. ಕ್ಲಾಸ್‌ರೂಮ್ ನಂಬರ್ ಏಳರ ಮಂಚದ ಮೇಲೆ ತಿರುಮಲೇಶ ಒಬ್ಬನೇ ಮಲಗಿದ್ದ. ಥರ್ಮಾಮೀಟರ್ ನೂರಾ ಮೂರು ತೋರಿಸುತ್ತಿತ್ತು; ಕಾಫಿಯ ಸಹಾಯವಿಲ್ಲದೆ. ಆ ಹಿಂದಿನ ಶನಿವಾರ ಒಂಬತ್ತನೆಯ ಅಭ್ಯರ್ಥಿಯ ಸರದಿ ತಪ್ಪಿಹೋಗಿತ್ತಲ್ಲ, ಅವನು ಬಾಗಿಲು ಬಡಿಯುತ್ತಿದ್ದ.

ತಿರುಮಲೇಶ ಸೆಮಿನರಿಯ ಹೊಸ್ತಿಲು ತುಳಿಯಲಿಲ್ಲ. ಕೊಟ್ಟ ಮಾತು ಉಳಿಯಿತು.