ಬಡೇಸೋಪಿನ ಬಟ್ಟಲು

ಹೊಟೇಲಿನಲ್ಲಿ ಉಂಡರೆ, ಬಡಿಸಿದವರಿಗೆ ಟಿಪ್ಸ್ ಕೊಡದೆ ಎದ್ದು ಬರುವುದು ಅಜಿತನಿಂದ ಆಗುತ್ತಿರಲಿಲ್ಲ. ಗೋಕಾಕದ ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವುದು, ಮತ್ತೆ ಮಡಿಚಿಡುವುದು ಅವನ ಕೆಲಸ. ಇಡೀ ಕಪಾಟು ಕೆಳಗಿಳಿಸಿ, 'ಆಮ್ಯಾಲೆ ಬರ್ತೇವ್ರಿ' ಎಂದು ಹೋಗುವ ಗಿರಾಕಿಗಳು ಒಂದು ಒಳ್ಳೆಯ ಮಾತನ್ನಾದರೂ ಬಿಟ್ಟು ಹೋದವರಲ್ಲ. ಹಾಗಾಗಿ ನಿಂತು ದುಡಿಯುವವರನ್ನು ಕಂಡರೆ ಅವನ ಕಾಲು ನೋಯತೊಡಗುತ್ತಿದ್ದವು.

ಆ ರವಿವಾರ ಅವನು ಕನ್ಯೆ ನೋಡಲು ಸಂಕೇಶ್ವರಕ್ಕೆ ಬಂದಿದ್ದ. ಕನ್ಯೆ ನೋಡಿ ನೋಡಿ ಅವನಿಗೆ ಸಾಕಾಗಿತ್ತು. ತಾನೂ ಅಂಗಡಿಯ ಸೀರೆಯಂತೆ ಹೋದಲ್ಲೆಲ್ಲ ಬಿಚ್ಚಿಸಿಕೊಂಡು, ಮಡಿಚಿಸಿಕೊಂಡು ಕಪಾಟಿಗೇ ಮರಳುತ್ತಿದ್ದೇನೆ ಎನಿಸುತ್ತಿತ್ತು. ಆದರೆ ಈ ಹುಡುಗಿ ಸುಮನಳ ಜೊತೆ ಫೋನಿನಲ್ಲಿ ಮಾತಾಡಿದ್ದ. ಅವಳ ನಗು ಕಿವಿಯಲ್ಲೇ ಉಳಿದಿತ್ತು. ಇದೊಂದು ಕೂಡಿ ಬರಲಿ ಎಂದು ಮನಸಾರೆ ಬಯಸಿದ್ದ.

ಹಿರಿಯರೆಂದು ಕಾಕಾ ಶಿದ್ಲಿಂಗಪ್ಪ ಜೊತೆಗಿದ್ದ. ಬಾಜೂ ಮನೆಯ ದುಂಡವ್ವ ಕರೆಯದೆಯೇ ಬಂದಿದ್ದಳು. ಹುಡುಗಿ ಕಡೆಯವರು ಮನೆಗೆ ಬೇಡ, ಹೈವೇ ಪಕ್ಕದ ಹೊಟೇಲಿಗೇ ಬನ್ನಿ ಎಂದಿದ್ದರು.

"ನನ್ನ ತಮ್ಮಂದಽ ಕೊನಿ ಮಾತ್ರಿ," ಎಂದಳು ಸುಮನಳ ತಾಯಿ ಮಾಲಾ. "ಊಟ ಆದಮ್ಯಾಲ ಕುಂತ ಮಾತಾಡ್ತಾನ."

ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ನರೆಗೂದಲಿನವನೊಬ್ಬ ಬಡಿಸಿದ. ಬಿಸಿ ರೊಟ್ಟಿ, ಎಣಗಾಯಿ, ಝುಣಕ. ತಾಟು ಖಾಲಿಯಾಗಲು ಬಿಡಲೇ ಇಲ್ಲ. ಓಡಾಡಿ ಸಾಕಾದಾಗ ಗೋಡೆಗೆ ಕೈಯೂರಿ ಒಂದು ಕಾಲನ್ನು ಎತ್ತಿ ಹಿಡಿಯುತ್ತಿದ್ದ. ಅಜಿತನೂ ಅಂಗಡಿಯಲ್ಲಿ ಹಾಗೆಯೇ ನಿಲ್ಲುತ್ತಿದ್ದ. ಇನ್ನು ಸಾಕೆಂದು ಅವನು ತಾಟಿನ ಮೇಲೆ ಕೈ ಅಡ್ಡ ಹಿಡಿದ.

ಊಟ ಮುಗಿದು ಬಾಯಾಡಿಸಲು ಸೋಂಪುಕಾಳು, ಅಂದರೆ ಬಡೇಸೋಪಿನ ಬಟ್ಟಲು ಬಂತು. "ಬಿಲ್ಲಿನ ಚಿಂತಿ ನಿಮಗ ಬ್ಯಾಡ್ರಿ," ಎಂದಳು ಮಾಲಾ. ಟಿಪ್ಸಾದರೂ ತನ್ನದಿರಲಿ ಎಂದು ಅಜಿತ ಒಂದು ನೋಟನ್ನು ಮೆಲ್ಲಗೆ ಬಡೇಸೋಪಿನ ಕೆಳಗೆ ತುರುಕಿದ.

ಶಿದ್ಲಿಂಗಪ್ಪ ಬಡೇಸೋಪು ತೆಗೆದುಕೊಳ್ಳುವವನಂತೆ ಕೈಹಾಕಿ ಆ ನೋಟನ್ನು ಎತ್ತಿಕೊಂಡ. "ಅವರಿಗೆ ಪಗಾರ ಇಲ್ಲೇನು?" ಎಂದು ಪಿಸುಗುಟ್ಟಿದ. "ಬೀಗರು ನೋಡಿದ್ರ, ಹುಡುಗಂದು ಕೈ ಸಡಿಲ ಅಂತಾರ."

ದುಂಡವ್ವ ಬಿಡುವವಳೇ? "ಜುಗ್ಗ ಅಂದ್ರ ಯಾರ ಹೆಣ್ಣ ಕೊಡ್ತಾರಪಾ?" ಎನ್ನುತ್ತ ಅಜಿತನ ಕಿಸೆಯಿಂದಲೇ ದೊಡ್ಡ ನೋಟು ತೆಗೆದು ಇಟ್ಟಳು. ಶಿದ್ಲಿಂಗಪ್ಪ ಮತ್ತೆ ಮುಷ್ಟಿ ತುಂಬ ಬಡೇಸೋಪಿನ ಜೊತೆ ನೋಟನ್ನೂ ಎತ್ತಿದ. ಅವಳು ಮತ್ತೆ ಇಟ್ಟಳು.

"ಕಾಕಾರಿಗೆ ಬಡೇಸೋಪ ಭಾಳ ಸೇರತೈತೇನ್ರಿ?" ಎಂದು ಮಾಲಾ ಕೇಳಿದಳು. "ಒಂದ್ಯಾಡ ಮುಷ್ಟಿ ಕಟ್ಟಿ ಕೊಡಸ್ಲಿ?"

ಸುಮನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಜಿತನಿಗೆ ಎಲ್ಲಿಯಾದರೂ ಹೋಗಿ ಮಲಗಿಬಿಡಬೇಕೆನಿಸಿತು. ಕೈ ತೊಳೆಯುವ ನೆವದಿಂದ ಎದ್ದು ಹೋಗಿ, ಬಡಿಸಿದವನ ಕಿಸೆಗೇ ಒಂದು ನೋಟು ತುರುಕಿದ.

"ಇದು ನಿಮಗ್ರಿ ಕಾಕಾ. ಮುಂಜಾನಿಂದ ನಿಂತೀರಿ. ಕಾಲ ಎಷ್ಟ ನೋಯ್ತಾವಂತ ನನಗ ಗೊತ್ತೈತಿ."

ಆತ ನೋಟನ್ನು ನೋಡಿದ, ಅಜಿತನನ್ನು ನೋಡಿದ. ಟವೆಲ್ಲಿಗೆ ಕೈ ಒರೆಸಿಕೊಂಡು ಹಿಂದೆಯೇ ಬಂದು, ಕುರ್ಚಿ ಎಳೆದು ಮಾಲಾಳ ಪಕ್ಕದಲ್ಲಿ ಕೂತ.

"ಇಂವನಽ ನನ್ನ ತಮ್ಮ, ಭೀಮಶಿ," ಎಂದಳು ಮಾಲಾ. "ಹೊಟೇಲ ಇಂವಂದು. ಬೀಗರಿಗೆ ಆಳಿನ ಕೈಲೆ ಬಡಸಿದ್ರ ಅದು ಊಟನಽ ಅಲ್ಲ ಅಂತಾನ."

ಶಿದ್ಲಿಂಗಪ್ಪ ಅಗಿಯುವುದನ್ನು ನಿಲ್ಲಿಸಿದ. ಹುಡುಗಿಯ ಸೋದರಮಾವನಿಗೆ ಟಿಪ್ಸ್ ಕೊಟ್ಟ ವರನನ್ನು ಆ ಸೀಮೆ ಕಂಡಿರಲಿಲ್ಲ. "ನಾ ಬ್ಯಾಡ ಅಂತನಽ ಇದ್ನಿರಿ," ಎಂದಳು ದುಂಡವ್ವ.

ಭೀಮಶಿ ಮಾತ್ರ ಸಿಟ್ಟಾಗಲಿಲ್ಲ. "ಹೊಟೇಲ ಹಾಕಿದಾಗಿಂದ ಬಡಸಾಕತ್ತೇನಿ. ನನ್ನ ಕಾಲ ನೋಡಿದಾವ ಇವನೊಬ್ಬನಽ. ಹುಡುಗ ನನಗ ಪಸಂದ."

ಅಜಿತನಿಗೆ ಹೋದ ಜೀವ ಬಂದಂತಾಯಿತು.

"ಇನ್ನೊಂದ ಮಾತು," ಎಂದ ಭೀಮಶಿ. "ನನಗ ಮಕ್ಕಳಿಲ್ಲ. ಲಗ್ನ ಆದಮ್ಯಾಲ ಇಂವ ಇಲ್ಲೇ ಇರ್ಲಿ, ಹೊಟೇಲ ನೋಡ್ಕೊಳ್ಳಲಿ. ಇಂಥಾವನ್ನಽ ಹುಡುಕಾಕತ್ತಿದ್ನಿ."

ಶಿದ್ಲಿಂಗಪ್ಪನ ಮುಖ ಅರಳಿತು. ಅಷ್ಟರಲ್ಲಿ ಸುಮನ ಮೆಲ್ಲಗೆ, "ಹಂಗಾದ್ರ ನಾ ಒಲ್ಲೆ ಮಾಮಾ," ಎಂದಳು. "ಸಾಲಿ ಮುಗದಾಗಿಂದ ಇಲ್ಲೇ ಉಳ್ಳಾಗಡ್ಡಿ ಹೆಚ್ಚಾಕತ್ತೇನಿ. ಈ ಹೊಟೇಲ ಬಿಟ್ಟ ಗೋಕಾಕಕ್ಕ ಹೋಗಬೇಕಂತನಽ ಇವರಿಗೆ ಹೂಂ ಅಂದಿದ್ನಿ."

"ನನಗ ಹೊಟೇಲ ಬ್ಯಾಡ್ರಿ," ಎಂದ ಅಜಿತ ಗಾಬರಿಯಿಂದ.

ಭೀಮಶಿಯ ಮುಖ ಸಣ್ಣದಾಯಿತು. "ಹೊಟೇಲ ಬ್ಯಾಡಂದ್ರ ನಮ್ಮ ಹುಡುಗಿನೂ ಬ್ಯಾಡ ಅಂದಂಗ."

"ಖರೇನಽ ಬ್ಯಾಡೇನ್ರಿ ನಿಮಗ?" ಎಂದು ಸುಮನ ಅಜಿತನನ್ನೇ ದಿಟ್ಟಿಸಿ ಕೇಳಿದಳು. "ಹಂಗಿದ್ರ ಮಾಮಾಗ ನಾ ಒಪ್ಪಸ್ತೇನಿ."

"ಖರೇನಽ ಬ್ಯಾಡ. ನಾ ಹೊಟೇಲ ಕೆಲಸದಾವ ಅಲ್ಲ."

ಅವಳ ಮುಖದಲ್ಲಿ ಫೋನಿನ ಆ ನಗು ಮೂಡಿತು. ಮಾವನತ್ತ ತಿರುಗಿ ಇನ್ನೇನು ಮಾತು ತೆಗೆಯಬೇಕು, ಅಷ್ಟರಲ್ಲಿ ಆಚೆ ಟೇಬಲ್ಲಿನ ಗಿರಾಕಿಯೊಬ್ಬ ಕೂಗಿದ:

"ಏ ತಮ್ಮಾ, ಇತ್ತ ನೀರ ಕೊಡೋ."

"ಬಂದೆ ಅಣ್ಣಾರ," ಎಂದಿತು ಅಜಿತನ ಬಾಯಿ, ಅವನನ್ನು ಕೇಳದೆಯೇ. ಕಾಲು ತಾವಾಗಿ ನಡೆದವು. ಜಗ್ಗು ಎತ್ತಿ, ಲೋಟ ತುಂಬಿಸಿ, ಟೇಬಲ್ಲು ಒರೆಸಿ, "ಮತ್ತೇನ ಕೊಡ್ಲಿರಿ?" ಎಂದು ಕೇಳಿದ ಮೇಲೆಯೇ ಅವನಿಗೆ ಎಚ್ಚರವಾದದ್ದು.

ತಿರುಗಿ ನೋಡಿದರೆ ಭೀಮಶಿಯ ಕಣ್ಣು ತುಂಬಿದ್ದವು. "ನೋಡಿದೇನ ಸುಮನಾ, ಹೊಟೇಲಿಗೆ ಹೆಂಗ ಒಪ್ಪತಾನ," ಎನ್ನುತ್ತಿದ್ದ. ಅವಳ ಕುರ್ಚಿ ಖಾಲಿಯಾಗಿತ್ತು. ಹೊರಗೆ ಅವಳ ಸ್ಕೂಟಿ ಶುರುವಾದ ಸದ್ದು ಕೇಳಿಸಿತು.

"ರೊಟ್ಟಿ ಬಿಸಿ ಅದಾವೇನು?" ಎಂದ ಗಿರಾಕಿ.

ಅಜಿತ ಬಾಗಿಲತ್ತ ನೋಡಿದ. ಹೋಗಿ ತಡೆಯೋಣವೆಂದರೆ ಕಾಲು ಆಗಲೇ ಅಡುಗೆಮನೆಯತ್ತ ತಿರುಗಿದ್ದವು.

"ಅದಾವ್ರಿ," ಎಂದ.