ನನ್ನ ಎಮ್ಮೆ ಮೀನು ತಿನ್ನುವುದಿಲ್ಲ

ಮನುಷ್ಯ ಉಂಡು ತೇಗಿದರೆ ಅಡುಗೆ ಮಾಡಿದವಳಿಗೆ ಖುಷಿ. ಎಮ್ಮೆ ಮೇದು ತೇಗಿದರೆ ಮಾತ್ರ ಭೂಮಿ ಕಾದು ಬಿಸಿಯಾಗುತ್ತದಂತೆ. ಹಾಗೆಂದವರು ನಮ್ಮ ದನದ ಡಾಕ್ಟರು. ಭೈರವಾನಿತಿಪ್ಪ ಡ್ಯಾಮಿನ ಪಕ್ಕದ ನಮ್ಮೂರು ಎಮ್ಮೆ ಹುಟ್ಟುವ ಮೊದಲಿನಿಂದಲೂ ಕಾದೇ ಇದೆ, ಆ ಮಾತು ಬಿಡಿ. ತೇಗಿನಲ್ಲಿ ಮೀಥೇನ್ ಎಂಬ ಗ್ಯಾಸು ಇರುತ್ತದಂತೆ. ಅದು ಕಡಿಮೆಯಾಗಲೆಂದು ಒಂದು ಚೀಲ ಪುಡಿ ಕೊಟ್ಟರು. "ಸಮುದ್ರದ ಪಾಚಿ ಪೆದ್ದಮ್ಮ, ಬೂಸಾದಾಗ ಒಂದು ಹಿಡಿ ಕಲಸಿ ಹಾಕ್ರಿ." ಬಿಟ್ಟಿ ಕೊಟ್ಟದ್ದು, ಹಾಕಿದೆ. ಎಮ್ಮೆಯೂ ತಿಂದಿತು.

ಸಮುದ್ರ ಎಂಬ ಮಾತೇ ಎಲ್ಲ ಕೆಡಿಸಿತು. ನಮ್ಮೂರಲ್ಲಿ ಅದನ್ನು ಕಂಡವರಿಲ್ಲ. ಅದರೊಳಗೆ ಮೀನಿದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ನಾನು ಎಮ್ಮೆಗೆ ಸಮುದ್ರದ ಪುಡಿ ಹಾಕುತ್ತೇನೆಂದು ಪಕ್ಕದ ಮನೆಯ ಶಾಂತಮ್ಮ ನಲ್ಲಿಯ ಹತ್ತಿರ ಬಾಯಿಬಿಟ್ಟಳು. ನನ್ನ ಹಾಲು ಕೊಳ್ಳುವವನು ಚಾ ಹೋಟೆಲಿನ ಬಸಣ್ಣ ಒಬ್ಬನೇ. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಮರುದಿನ ನಾನು ಹೋಟೆಲಿಗೆ ಒಯ್ದ ಕ್ಯಾನು ಅವನು ಮುಟ್ಟಲಿಲ್ಲ. ಅವನು ಬಿಟ್ಟರೆ ನಾನು ಎಮ್ಮೆ ಮಾರಬೇಕು.

"ಯವ್ವಾ, ನಿನ್ನ ಎಮ್ಮಿ ಮೀನು ತಿಂತೈತಂತ. ಆ ಹಾಲಿನ ಚಾ ಕುಡಿಸಿ ನಾ ಯಾವ ನರಕಕ್ಕ ಹೋಗ್ಲಿ?"

"ಮೀನಲ್ಲೋ, ಪಾಚಿ. ಹುಲ್ಲಿದ್ದಂಗ."

"ಸಮುದ್ರದಾಗ ಹುಲ್ಲು ಬಿತ್ತಿದೋರು ಯಾರು?"

ಚಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಪಂಚಾಯಿತಿಗೆ ಕೂತರು. ಎಮ್ಮೆಗೆ ವಿಭೂತಿ ಹಚ್ಚಿ ಎಂದನೊಬ್ಬ. ಇನ್ನೊಬ್ಬ, "ಅದರ ಮುಂದ ಒಂದು ಮೀನು ಹಿಡಿದು ನೋಡ್ರಿ, ಗೊತ್ತಾಗ್ತದ" ಎಂದ. ಇದು ಎಲ್ಲರಿಗೂ ನ್ಯಾಯವೆನಿಸಿತು; ಎದ್ದು ನಮ್ಮ ಕೊಟ್ಟಿಗೆಗೇ ಬಂದರು. ಎಮ್ಮೆಯ ಮಾನ ಉಳಿಯಲಿ ಎಂದು ನಾನೇ ಮನೆಯೊಳಗೆ ಓಡಿ, ಮಧ್ಯಾಹ್ನಕ್ಕೆಂದು ತಂದಿಟ್ಟಿದ್ದ ಡ್ಯಾಮಿನ ಮೀನನ್ನು ಬಾಲ ಹಿಡಿದು ತಂದು ಅದರ ಮೂತಿಗೆ ಒಡ್ಡಿದೆ. ಎಮ್ಮೆ ಮೂಸಿತು, ಸೀನಿತು, ಬೆನ್ನು ತಿರುಗಿಸಿ ನಿಂತು ನನ್ನ ಕಾಲಿನ ಮೇಲೆ ಸಗಣಿ ಹಾಕಿತು.

"ನೋಡ್ದಿ ಬಸಣ್ಣ!" ಎಂದೆ, ಗೆದ್ದವಳಂತೆ.

ಬಸಣ್ಣ ಎಮ್ಮೆಗೆ ಕೈಮುಗಿದ. ಆಮೇಲೆ ನನ್ನ ಕೈಯಲ್ಲಿ ತೂಗುತ್ತಿದ್ದ ಮೀನನ್ನೇ ನೋಡಿದ. "ಎಮ್ಮಿ ಶುದ್ಧ ಐತಿ ಬಿಡವ್ವ. ಹಾಲು ಹಿಂಡೋದು ಮಾತ್ರ ಈ ಕೈಲೇನು?"

ನಾನು ಮೀನು ತಿನ್ನುವುದು ಊರಿಗೆಲ್ಲ ಗೊತ್ತು. ಗೊತ್ತಿರುವುದು ಬೇರೆ, ಹತ್ತು ಜನರ ಮುಂದೆ ಬಾಲ ಹಿಡಿದು ನಿಲ್ಲುವುದು ಬೇರೆ. ಕೊನೆಗೆ ತೀರ್ಮಾನವಾಯಿತು: ಎಮ್ಮೆ ಪಾಚಿ ತಿನ್ನಬಹುದು, ನಾನು ಮೀನು ಬಿಡಬೇಕು. ಹಾಲು ಮತ್ತೆ ಹೋಟೆಲಿಗೆ ಹೋಗುತ್ತಿದೆ. ನನಗೆ ಎರಡು ಹೊತ್ತೂ ಮುದ್ದೆ, ಹುರಳಿ ಸಾರು.

ಮೊನ್ನೆ ಡಾಕ್ಟರು ಪುಡಿಯ ಗುಣ ನೋಡಲು ಬಂದರು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕಿವಿಗೊಟ್ಟರು. ಮುಖ ಸಣ್ಣದಾಯಿತು.

"ತೇಗು ಜಾಸ್ತಿನೇ ಆಗೈತಲ್ಲ ಪೆದ್ದಮ್ಮ!"

ಎಮ್ಮೆಯ ಮರೆಯಲ್ಲಿ ಕಸ ಗುಡಿಸುತ್ತಿದ್ದವಳು ತಲೆ ಹೊರಗೆ ಹಾಕಿದೆ. "ಎಮ್ಮಿ ಸುಮ್ನೈತ್ರಿ ಸಾರ್. ಅದು ನಂದು."